ಗುಂಯ್

ಪುತಳಾಬಾಯಿಯ ಅಂಗಡಿಯಲ್ಲಿ ಮುಂದೆ ಮಿರ್ಚಿ, ನರ್ಗೀಸ್ ಮಂಡಕ್ಕಿ.
ಪರದೆ ಸರಿಸಿದರೆ ಹಿಂದೆ
ಒಂದೇ ಒಂದು ಆಟದ ಪೆಟ್ಟಿಗೆ, ನನಗಿಂತ ಗೇಣುದ್ದ ಎತ್ತರ.
ಎದೆಮಟ್ಟದಲ್ಲಿ ಗಾಜು, ಗಾಜಿನೊಳಗೆ ಸದಾ ರಾತ್ರಿ,
ರಾತ್ರಿಯಿಂದ ಸಾಲುಸಾಲಾಗಿ ಇಳಿಯುವ ಹಸಿರು ಹುಳಗಳು.

"ವರ್ಷದಿಂದ ಬರೇ ಗುಂಯ್ ಅಂತೈತಿ," ಅಂದಳು ಬಾಯಿ.
"ಗುಂಡು ಹೊಡೆದರೂ ಗುಂಯ್, ಸತ್ತರೂ ಗುಂಯ್.
ತಲಿ ಹಿಡೀತದ ಅಂತಾರ ಗಿರಾಕಿ."
ಮುಂಗಡವಾಗಿ ಒಂದು ತಟ್ಟೆ ಮಂಡಕ್ಕಿ,
ಮೇಲೆ ಎರಡು ಮೆಣಸಿನಕಾಯಿ.

ಹಿಂಬಾಗಿಲಿಗೆ ನಾಲ್ಕು ಸ್ಕ್ರೂ. ಮೂರು ಬಂದವು.
ನಾಲ್ಕನೆಯದಕ್ಕೆ ತಲೆಯೇ ಇರಲಿಲ್ಲ.
ಒಳಗೆ ಹತ್ತಿಯ ಹಾಗೆ ಧೂಳು. ಹತ್ತಿಯೇ ಇದ್ದೀತು,
ಮಿಲ್ಲು ನಿಂತು ಇಷ್ಟು ವರ್ಷವಾದರೂ
ದಾವಣಗೆರೆಯ ಸಂದುಗೊಂದುಗಳಿಂದ ಅದು ಎದ್ದು ಹೋಗಿಲ್ಲ.
ಧೂಳಿನಡಿ ಸತ್ತ ಜಿರಳೆ, ಎರಡು ಬಿಲ್ಲೆ,
ಯಾರದೋ ಬಸ್ ಪಾಸಿನ ಕಣ್ಣಿಲ್ಲದ ಫೋಟೋ.

ಬೆಂಕಿಪೊಟ್ಟಣದಷ್ಟು ಬೋರ್ಡು,
ಅದರ ಮೇಲೆ ಐದು ಕಾಲಿನ ಐಸಿ, ಬೆನ್ನಿಗೆ ತಗಡು,
ಮುಟ್ಟಿದರೆ ಜ್ವರ.
ಪಕ್ಕದ ಕೆಪಾಸಿಟರು ಹೊಟ್ಟೆಯುಬ್ಬಿ ನೆತ್ತಿಯಲ್ಲಿ ಸೋರಿತ್ತು.
ವಾಲ್ಯೂಮ್ ಗುಂಡಿಯ ನಡುಗಾಲಿಗೆ ಬೆರಳಿಟ್ಟೆ.
ನಮ್ಮ ಕಸುಬಿನಲ್ಲಿ ನಾಡಿ ಹಿಡಿಯುವುದು ಹೀಗೆ:
ಆಂಪ್ಲಿಫೈಯರ್ ಬದುಕಿದ್ದರೆ
ಮುಟ್ಟಿದವನ ಮೈಯೇ ಸ್ಪೀಕರಿನಲ್ಲಿ ಮೊರೆಯಬೇಕು.
ನಾನು ಮೊರೆಯಲಿಲ್ಲ.
ಅದು ತನ್ನ ಪಾಡಿಗೆ ಗುಂಯ್ ಅನ್ನುತ್ತಿತ್ತು,
ನಾನು ಹುಟ್ಟಿಯೇ ಇಲ್ಲವೆಂಬಂತೆ.

ಹರಿಹರದ ಗುಜರಿಯಲ್ಲಿ ಮಲಗಿದ್ದ ಟೆಂಪೋದ ಸ್ಟೀರಿಯೋ ಬಿಚ್ಚಿ
ಅದೇ ಐದು ಕಾಲು ಕಿತ್ತು ತಂದೆ.
ಎಷ್ಟು ಮದುವೆ ದಿಬ್ಬಣ ಹೊತ್ತಿತ್ತೋ ಆ ಗಾಡಿ, ಎಷ್ಟು ಈರುಳ್ಳಿ.
ರಾಳದ ಹೊಗೆ ಮಿರ್ಚಿ ಘಾಟಿನೊಳಗೆ ಸೇರಿತು.
ಬೆಸುಗೆ ಹೊಳೆದು ಗಟ್ಟಿಯಾಗುವ ಒಂದು ಗಳಿಗೆ
ಕೆಮ್ಮು ಬಂದರೂ ನುಂಗಬೇಕು; ನುಂಗಿದೆ, ಐದು ಸಲ.
ಬೆನ್ನಿಗೆ ಬಿಳಿ ಪೇಸ್ಟು, ಹೊಸ ಕೆಪಾಸಿಟರು,
ಮತ್ತೆ ನಡುಗಾಲಿಗೆ ಬೆರಳು.

ಮೊರೆದೆ.

ಬೆರಳು ತೆಗೆದರೆ ನಿಶ್ಶಬ್ದ, ತೊಳೆದಿಟ್ಟ ಹಾಗೆ.
ಅದರೊಳಗೆ ಒಂದೊಂದೇ ಗುಂಡು, ಒಂದೊಂದು ಹುಳಕ್ಕೂ
ಸಾಯುವಾಗ ಅದರದೇ ಒಂದು ಕೀರಲು.
ಬಾಯಿ ಜಾಲರಿ ಸೌಟು ಹಿಡಿದೇ ಓಡಿಬಂದಳು:
"ಅಯ್ಯ, ಇದಕ್ಕ ಬಾಯಿ ಇತ್ತೇನು!"

ಸಂಜೆ ದಾದಾಪೀರ ಬಂದ,
ರೆಪ್ಪೆಯ ಮೇಲೆ ಇನ್ನೂ ಮಂಡಕ್ಕಿ ಭಟ್ಟಿಯ ಮಸಿ.
ಒಂದು ಬಿಲ್ಲೆಗೆ ಒಂದು ತಾಸು ಆಡುವ ಹುಡುಗ
ಮೂರನೇ ಸಾಲಿಗೇ ಸತ್ತ.
ಇನ್ನೊಂದು ಬಿಲ್ಲೆ. ಸತ್ತ.
ಜೇಬು ತಡಕಿ, ಏನೂ ಸಿಗದೆ, ನನ್ನತ್ತ ತಿರುಗಿದ:
"ಯಾರು ಹೇಳಿದ್ರೀ ನಿಮಗ, ರಿಪೇರಿ ಮಾಡಾಕ?"

ದೊಡ್ಡ ಹುಳ ಬರುವ ಮುಂಚೆ, ರೆಪ್ಪೆ ಬಡಿಯುವಷ್ಟು ಮುಂಚೆ,
ಆ ಗುಂಯ್ ಚೂರು ದಪ್ಪಗಾಗುತ್ತಿತ್ತಂತೆ.
ಅವನು ಆಡುತ್ತಿದ್ದುದು ಅದನ್ನು ಕೇಳಿ; ಗಾಜು ಲೆಕ್ಕಕ್ಕಿಲ್ಲ.
"ಅಕ್ಕಿ ಅರಳಾಕ ಮೊದಲು ಮರಳು ಒಂದು ಸದ್ದು ಮಾಡತೈತಲ್ಲ,
ಹಂಗ."

ಮೂವತ್ತು ವರ್ಷ ಗುಂಯ್ ಕೊಂದು ಅನ್ನ ಉಂಡವನು ನಾನು.
ಅದಕ್ಕೆ ದಪ್ಪ-ತೆಳು ಇದೆಯೆಂದು
ಒಂದು ದಿನವೂ ಕಿವಿಗೊಟ್ಟಿರಲಿಲ್ಲ.

ಸುಟ್ಟ ಐಸಿ ಅಂಗಿಯ ಜೇಬಲ್ಲೇ ಇತ್ತು.
ವಾಪಸ್ ಹಾಕಿಬಿಡಲಾ ಎಂದು ಕೇಳುವಷ್ಟರಲ್ಲಿ
ಅವನಾಗಲೇ ಪೆಟ್ಟಿಗೆಯ ಪಕ್ಕದ ಹಲಗೆಗೆ ಕೆನ್ನೆ ಆನಿಸಿದ್ದ.
"ಟ್ರಾನ್ಸ್‌ಫಾರ್ಮರ್ ಇನ್ನೂ ಅಂತೈತಿ, ಸಣ್ಣಗ."
ಧೂಳಲ್ಲಿ ಸಿಕ್ಕಿದ್ದ ಎರಡು ಬಿಲ್ಲೆ ಕೊಟ್ಟೆ.
ಕೈ ಎರಡೂ ಗುಂಡಿಗಳ ಮೇಲೆ, ಕತ್ತು ಅಡ್ಡ,
ಅವನು ಗಾಜು ನೋಡದೆ ಆಡತೊಡಗಿದ.

ಈಚೆ ಬದಿಯ ಹಲಗೆಗೆ ನಾನೂ ಕಿವಿಯಿಟ್ಟೆ.
ಮೊದಲು ಏನೂ ಇಲ್ಲ.
ಆಮೇಲೆ ಬಾಣಲೆಯಲ್ಲಿ ಎಣ್ಣೆ.
ಆಮೇಲೆ ದೂರದಲ್ಲಿ ಗೇಟು ಬಿದ್ದು, ಗೂಡ್ಸ್ ಗಾಡಿ.

"ಬಂತು," ಅಂದ ದಾದಾಪೀರ.
ನನಗೆ ಕೇಳಲಿಲ್ಲ.
ಬಂತು.