ಸಂಗ್ರಹಿಸಿದವರು

ಮಳೆ ಬಂದದ್ದು ನನ್ನ ಮೂರನೇ ಹಾಲುಹಲ್ಲು ಬಿದ್ದ ವರ್ಷ.
ಮತ್ತೆ ಬಂದದ್ದು ಮಗಳು ಹುಟ್ಟಿದಾಗ.
ನಮೀಬಿನ ಅಂಚಿನ ಈ ಹರಳುಗಲ್ಲಿನ ಬಯಲಲ್ಲಿ
ವಯಸ್ಸು ಎಣಿಸುವುದು ಹೀಗೆ,
ಹುಲ್ಲು ಎಷ್ಟು ಸಲ ಎದ್ದಿತೆಂದು.

ಮೊಣಕಾಲೆತ್ತರ, ಅಷ್ಟೇ.
ಬೀಜಕ್ಕೆ ಮೂರು ಕೂದಲು, ನಡುವಿನದಕ್ಕೆ ಮಾತ್ರ ಗರಿ.
ಉತ್ತರದ ಒಣಹೊಳೆ ದಾಟಿದರೆ ಇಲ್ಲ,
ದಕ್ಷಿಣದ ಕೆಂಪು ಮರಳಿಗೆ ಕಾಲಿಟ್ಟರೆ ಇಲ್ಲ.
"ಹಠಮಾರಿ," ಅನ್ನುತ್ತಿದ್ದಳು ಅಜ್ಜಿ ಎರ್ನಾ,
"ಮದುವೆಯಾಗಿ ಎಲ್ಲಿಗೂ ಹೋಗದವಳು."
ಹಾಗೆ ಅಂದವಳೂ ಎಲ್ಲಿಗೂ ಹೋಗಿರಲಿಲ್ಲ.

ಒಂದೊಂದೇ ತೆನೆ ಉದುರಿಸಿದರೆ ಸಂಜೆಗೆ ಒಂದು ಹಿಡಿ.
ಅದಕ್ಕೇ ನಾವು ಹುಲ್ಲಿಗೆ ಕೈಹಾಕದೆ
ಇರುವೆಗಳ ಹಿಂದೆ ಹೋಗುತ್ತಿದ್ದೆವು.
ಗೂಡಿನ ಬಾಯಿ ಸುತ್ತ ಬೆಳ್ಳಗೆ ಹೊಟ್ಟು ಚೆಲ್ಲಿದ್ದರೆ
ಒಳಗೆ ಕಣಜ ತುಂಬಿದೆ ಎಂದೇ ಲೆಕ್ಕ.
ಅಜ್ಜಿ ಮಂಡಿಯೂರುವಳು. ಮೊದಲು ಓಲೆ ಬಿಚ್ಚಿ
ನನ್ನ ಕೈಗೆ ಕೊಡುವಳು, ಯಾಕೋ ಇವತ್ತಿಗೂ ತಿಳಿಯದು.
ಕೋಲಿನಿಂದ ಪಕ್ಕದ ಗೋಡೆ ತೆಗೆಯುವಳು,
ಬಾಗಿಲು ಮುಟ್ಟುತ್ತಿರಲಿಲ್ಲ.
ಮೇಕೆಚರ್ಮದಲ್ಲಿ ಕೇರುವಾಗ
ಮರಳು ಒಂದು ಕಡೆ, ಬೀಜ ಒಂದು ಕಡೆ, ಬೈಗುಳ ಎಲ್ಲ ಕಡೆ,
ಇರುವೆ ಮೊಣಕೈಯವರೆಗೆ.
"ಕಚ್ಚಲಿ ಬಿಡು. ಅವರ ಮನೆ."

ಸಾಕೆಂದು ಎದ್ದಾಗ ಒಳಗೆ ಇನ್ನೂ ಇರುತ್ತಿತ್ತು.
ಎಷ್ಟು ಬಿಡಬೇಕು ಅಜ್ಜಿ?
"ಬಿಟ್ಟದ್ದು ಕಂಡು ನಿನ್ನ ಹೊಟ್ಟೆ ಉರಿಯುವಷ್ಟು."

ಒಂದು ಆಗಸ್ಟಿನಲ್ಲಿ, ಹಿಟ್ಟಿನ ಲಾರಿ ಬಾರದೆ ಹತ್ತು ದಿನವಾದಾಗ,
ಅಜ್ಜಿ ಒಂದು ಗೂಡು ತೆಗೆದಳು.
ಅಂಗೈಯಷ್ಟು ಹಳೇ ಬೀಜ, ಕಪ್ಪಗೆ.
ಸುತ್ತ ನಿಧಾನ ನಡೆವ ಕೆಲವೇ ಇರುವೆಗಳು.
ಬಹಳ ಹೊತ್ತು ನೋಡಿದಳು.
ಮತ್ತೆ ಮಣ್ಣು ಮುಚ್ಚಿ
ರೊಟ್ಟಿ ತಟ್ಟುವ ಹಾಗೆ ತಟ್ಟಿದಳು.
ಆ ರಾತ್ರಿ ಕರಿ ಚಹಾ, ಎರಡನೇ ಸಲ ಕುದಿಸಿದ ಪುಡಿಯದು.

ಈಗ ಅದೇ ಹುಲ್ಲಿನ ಎಂಟುನೂರು ಬೀಜ ಲಕೋಟೆಯಲ್ಲಿಟ್ಟು
ವಿಂಡ್‌ಹುಕ್‌ನ ಬೀಜಭಂಡಾರಕ್ಕೆ ತಂದಿದ್ದೇನೆ, ಮೂರನೇ ಮಹಡಿಗೆ.
ಅಲ್ಲಿ ತಣ್ಣನೆಯ ಕಪಾಟು;
ಬೀಜ ನೂರು ವರ್ಷ ಮಲಗುತ್ತದಂತೆ.
ಅರ್ಜಿಯಲ್ಲೊಂದು ಸಾಲು: ಸಂಗ್ರಹಿಸಿದವರು.
ಇರುವೆಗಳು, ಎಂದು ಬರೆದೆ.
ಗುಮಾಸ್ತ ನಗಲಿಲ್ಲ. ಗೆರೆ ಎಳೆದು ನನ್ನ ಹೆಸರು ಹಾಕಿದ,
ಅದನ್ನೂ ತಪ್ಪಾಗಿ.
"ಇದ್ದದ್ದೆಲ್ಲ ತಂದಿರಾ?"
ಇಲ್ಲ ಎಂದೆ.
ಎಷ್ಟು ಬಿಟ್ಟಿರಿ ಎಂದು ಅವನು ಕೇಳಲಿಲ್ಲ.

ಇಳಿಯುವಾಗ ಲಿಫ್ಟಿನಲ್ಲಿ ಕಾಲುಚೀಲದೊಳಗೆ ಏನೋ ಚುಚ್ಚಿತು.
ಬಗ್ಗಿ ನೋಡಿದೆ: ಮೂರು ಕೂದಲು, ನಡುವೆ ಗರಿ.
ಕೀಳಲಿಲ್ಲ.
ಎರಡೂವರೆಯ ಬಸ್ಸು ಸಿಕ್ಕರೆ
ಕತ್ತಲಿಗೆ ಮೊದಲು ಮನೆ.