ಕುಂಬಾರ ಹುಳ

ಎರಡು ಸಲ ಕರೆಯಬೇಕು ಈ ಊರನ್ನು: ವಾಗಾ ವಾಗಾ.
ಹುಲ್ಲು ಕತ್ತರಿಸುವ ಈ ಯಂತ್ರವನ್ನು
ಇಪ್ಪತ್ತೆರಡು ಸಲ ಕರೆದೆ.
ಹಗ್ಗ ಎಳೆದೆಳೆದು ಬಲರಟ್ಟೆ ಸೋತು
ಷೆಡ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತೆ.
ಅಕ್ಟೋಬರ್. ಹುಲ್ಲು ಮೊಣಕಾಲಿಗೆ.
ಶುಕ್ರವಾರ ಬಾಡಿಗೆಮನೆಯ ತಪಾಸಣೆ;
ಏಜೆಂಟಮ್ಮ ಬರುತ್ತಾಳೆ ಕ್ಯಾಮೆರಾ ಹಿಡಿದು,
ಒಲೆಯ ಒಳಗೂ ಬಗ್ಗಿ ನೋಡುವವಳು.

ಬೇಲಿಯಾಚೆ ಲಿಂಡ್ಸೆ. ಎಂಬತ್ತೊಂದು.
ಯಂತ್ರ ಅವನದೇ. ಚಳಿಗಾಲದಲ್ಲಿ ಕೊಟ್ಟಿದ್ದ,
ಕಾಸು ಬೇಡವೆಂದು, ಎರಡು ಡಬ್ಬಿ ಚಟ್ನಿಪುಡಿಗೆ.
ನಲವತ್ತು ವರ್ಷ
ಉಣ್ಣೆ ಕತ್ತರಿಸುವ ಮಷೀನು ಬಿಚ್ಚಿ ಕೂಡಿಸಿದ ಕೈ
ಈಗ ಚಹದ ಕಪ್ಪನ್ನೂ ನಂಬುವುದಿಲ್ಲ.
ನಡುಗುತ್ತದೆ; ಬೇಲಿಯ ಹಲಗೆ ಹಿಡಿದರೆ ಹಲಗೆಯೂ.
ಅದಕ್ಕೇ ಕೈ ನನ್ನದು, ಮಾತು ಅವನದು.
"ಮೊದಲು ಪ್ಲಗ್ಗಿನ ವೈರು ಕಿತ್ತಿಡು, ಸರ್ವಾ.
ಹತ್ತು ಬೆರಳೂ ಬೇಕಲ್ಲ, ರಾತ್ರಿ ಲಾಂಡ್ರಿಗೆ."
ಸರ್ವಮಂಗಳೆಯ ಮಂಗಳವನ್ನು
ಅವನು ಎಂದೋ ಕೈಬಿಟ್ಟ.

ಪ್ಲಗ್ಗು ಬಿಚ್ಚಿದೆ. ಒಣಗಿತ್ತು,
ಜ್ವರ ಬಂದವರ ನಾಲಿಗೆಯ ಹಾಗೆ.
ವೈರು ಮತ್ತೆ ಸಿಕ್ಕಿಸಿ, ಇಂಜಿನ್ನಿನ ಮೈಗೆ ತಾಗಿಸಿ
ಹಗ್ಗ ಎಳೆದರೆ ಚಟ್ಟೆಂದಿತು ನೀಲಿ ಕಿಡಿ.
"ಬೆಂಕಿ ಇದೆ," ಅಂದ ಲಿಂಡ್ಸೆ. "ಹಾಗಾದರೆ ಹಸಿವು."

ಕಾರ್ಬುರೇಟರಿನ ಬಟ್ಟಲು ಇಳಿಸಿದೆ.
ತಳದಲ್ಲಿ ಹೋದ ವರ್ಷದ ಪೆಟ್ರೋಲು
ಜೋನಿಬೆಲ್ಲವಾಗಿ ಕೂತಿದೆ,
ವಾಸನೆ ಮಾತ್ರ ವಾರ್ನಿಷ್ಷಿನದು.
ನಡುವೆ ಹಿತ್ತಾಳೆಯ ಜೆಟ್ಟು;
ಸಾಸಿವೆಯೂ ತೂರದ ತೂತು.
ಬಿಸಿಲಿಗೆ ಹಿಡಿದರೆ ಆಚೆ ಬೆಳಕಿಲ್ಲ.

"ಸಣ್ಣ ತಂತಿ ಬೇಕು..." ಅನ್ನುವಷ್ಟರಲ್ಲಿ ನನಗೆ ನಗು.
ಇದು ನನಗೆ ಗೊತ್ತಲ್ಲ!
ಹರಿಹರದ ಅಡುಗೆಮನೆ, ಪಂಪಿನ ಸ್ಟೌ.
ಉರಿ ಕೆಂಪಾಗಿ ಪಾತ್ರೆಯ ಕುಂಡೆ ಕಪ್ಪಾದರೆ
ಅವ್ವ ಗೋಡೆಯ ಸಂದಿನಿಂದ ಸ್ಟೌ ಪಿನ್ನು ತೆಗೆದು
ಒಮ್ಮೆ ಚುಚ್ಚಿ, ಒಮ್ಮೆ ಊದಿ,
"ಗಂಟಲು ಕಟ್ಟಿತ್ತು ಮುಂಡೇದಕ್ಕೆ," ಅನ್ನುತ್ತಿದ್ದಳು.
ತಂತಿ ಬ್ರಷ್ಷಿನಿಂದ ಒಂದೇ ಎಳೆ ಕಿತ್ತು
ಹಿತ್ತಾಳೆ ಗೀರದ ಹಾಗೆ ಮೆಲ್ಲಗೆ ಆಡಿಸಿದೆ.
ಕಂಡಿತು ಬೆಳಕು, ಸೂಜಿಮೊನೆಯಷ್ಟು.

ಹೊಸ ಪೆಟ್ರೋಲು. ಮೂರನೆಯ ಎಳೆತಕ್ಕೆ
ಕೆಮ್ಮಿ, ಬಿಳಿ ಹೊಗೆ ಕಾರಿ, ಹೊರಟಿತು!
ಲಿಂಡ್ಸೆ ಟೋಪಿ ಎತ್ತಿದ.
ನಾಲ್ಕು ನಿಮಿಷ. ನಿಂತಿತು.
ಸ್ವಲ್ಪ ಬಿಟ್ಟು ಎಳೆದರೆ ಮತ್ತೆ ಹೊರಟಿತು,
ನಾಲ್ಕು ನಿಮಿಷಕ್ಕೆ ಮತ್ತೆ ನಿಂತಿತು.
ನಾನು ಬೈದ ಬೈಗುಳ ಅವನಿಗೆ ತಿಳಿಯದಿದ್ದರೂ
ತಲೆಯಾಡಿಸಿದ.

ಬಹಳ ಹೊತ್ತಾದ ಮೇಲೆ ಅಂದ:
"ಗಡಿಯಾರ ನೋಡಿಕೊಂಡು ಸಾಯುತ್ತದಲ್ಲ, ಅದು ಹಸಿವಲ್ಲ.
ಟ್ಯಾಂಕಿನ ಮುಚ್ಚಳ ಸಡಿಲಿಸು."
ತಿರುಗಿಸಿದೆ. ಸ್ಸ್ಸ್...
ಒಳಕ್ಕೆಳೆದ ಉಸಿರು ಅದು.
ಹನಿ ಹೊರಗೆ ಹೋಗಬೇಕಾದರೆ
ಅಷ್ಟೇ ಗಾಳಿ ಒಳಗೆ ಬರಬೇಕಂತೆ;
ಬರುವ ದಾರಿಗೆ ಯಾರೋ ಮಣ್ಣು ಮೆತ್ತಿದ್ದರು.

ಗ್ರೀಸಿನ ಕೊಳೆ ಅಂದುಕೊಂಡಿದ್ದೆ ಇಷ್ಟು ದಿನ.
ಅಲ್ಲ. ಕೆಮ್ಮಣ್ಣಿನ ಮಡಕೆ, ಕಡಲೆಯಷ್ಟು ದಪ್ಪ,
ಗೆರೆ ಗೆರೆ ತಟ್ಟಿದ ಕೈಚಳಕ.
ಕುಂಬಾರ ಹುಳ, ಇಲ್ಲೂ!
ಅಜ್ಜಿ ಹೇಳುತ್ತಿದ್ದಳು: ಎಲ್ಲಿಂದಲೋ ಹಸಿರು ಹುಳು ತಂದು
ಗೂಡಿನಲ್ಲಿಟ್ಟು ಹೊರಗಿನಿಂದ ಗುಂಯ್ ಗುಂಯ್ ಅನ್ನುತ್ತದೆ,
ಕೇಳಿ ಕೇಳಿ ಹುಳುವೂ ಅದೇ ಆಗುತ್ತದೆ.
ಬೇಲಿಯಾಚೆ ಲಿಂಡ್ಸೆ ಇನ್ನೂ ಮಾತಾಡುತ್ತಲೇ ಇದ್ದ,
ಬ್ಲೇಡಿನ ಬೋಲ್ಟು, ಎಣ್ಣೆಯ ಮಟ್ಟ.

ಬಳೆಗೆ ಸಿಕ್ಕಿಸಿದ ಪಿನ್ನು ತೆಗೆದು ಕೆದಕಿದೆ.
ಮಣ್ಣು ಉದುರಿತು. ಜೊತೆಗೆ
ಅಕ್ಕಿಕಾಳಿನಷ್ಟು ಬಿಳಿ ಮರಿ.
ಇರುವೆ ನನಗಿಂತ ಮೊದಲು ನೋಡಿತು.

ಕತ್ತಲಾಗುವುದರೊಳಗೆ ಎರಡೂ ಅಂಗಳ ಬೋಳಿಸಿದೆ,
ನನ್ನದು, ಆಮೇಲೆ ಅವನದು.
ಹಸಿ ಹುಲ್ಲಿನ ವಾಸನೆಯಲ್ಲೇ ಪಾಳಿಗೆ ಹೋದೆ.

ಗುರುವಾರ ಬೆಳಿಗ್ಗೆ ಬಂದರೆ
ಅದು ಮುಚ್ಚಳದ ಸುತ್ತ ಸುತ್ತುತ್ತಿದೆ,
ಬಾಯಲ್ಲಿ ಹಸಿಮಣ್ಣಿನ ಉಂಡೆ ಹಿಡಿದು.
ಮುಚ್ಚಳಕ್ಕೆ ಬಟ್ಟೆ ಕಟ್ಟಿದೆ.
ಷೆಡ್ಡಿನ ಬೀಗದ ತೂತು ಖಾಲಿ ಇದೆ ಅಂದೆ,
ಕನ್ನಡದಲ್ಲೇ.
ಏಜೆಂಟಮ್ಮ ಅಲ್ಲಿಗೆ ಬಗ್ಗಲಿಕ್ಕಿಲ್ಲ.