ಎಡಗೈ ಕೋವಿ

ಇವತ್ತು ಮುಗಿಯಬಹುದು.
ನಿನ್ನೆಯೂ ಹೀಗೇ ಅಂದಿದ್ದೆ,
ಮೊನ್ನೆ ಅಂದದ್ದು ಕುಲುಮೆಯ ಬೆಕ್ಕಿಗೂ ನೆನಪಿದೆ.

ಹುದಿಕೇರಿ ದನದಾಸ್ಪತ್ರೆಯ ಚೋಂದಮ್ಮ
ಮುಂಗಡ ಕೊಟ್ಟ ಮೇಲೆ ಇದು ಎರಡನೆಯ ಕಕ್ಕಡ.
ಅವತ್ತು ಬಂದವಳೇ ಮುಖ ಬೆಳಕಿಗೆ ತಿರುಗಿಸಿದ್ದಳು:
ಎಡಹುಬ್ಬಿನ ತುದಿಯಲ್ಲಿ ಕೂದಲು ಹುಟ್ಟದ
ಒಂದು ಭತ್ತದಷ್ಟು ಜಾಗ.
ಐನ್‌ಮನೆಯ ತೋಕ್ ಬಲಗೈಯವರದು,
ಇವಳ ಹೆಗಲು ಎಡದ್ದು.
ಕುದುರೆ ಎಳೆದಾಗೆಲ್ಲ ಬಟ್ಟಲಿನ ಮದ್ದು
ಮೂಗಿನ ಮುಂದೆಯೇ ಭಗ್ಗೆನ್ನುತ್ತದೆ.
"ತೆಂಗಿನಕಾಯಿ ಒಡೆದದ್ದು ಹನ್ನೊಂದು ಸಲ,
ಕಣ್ಣು ತೆರೆದಿದ್ದದ್ದು ಒಂದು ಸಲವೂ ಇಲ್ಲ."

ಹಾಗಾಗಿ ಎಲ್ಲವನ್ನೂ ಕನ್ನಡಿಯೊಳಗೆ ಕೂತು ಮಾಡಿದ ಹಾಗೆ.
ಬಟ್ಟಲು ಎಡಕ್ಕೆ, ಕಲ್ಲಿನ ದವಡೆ ಎಡಕ್ಕೆ, ನಳಿಗೆಯ ಕಿವಿ ಎಡಕ್ಕೆ.
ನಲವತ್ತು ವರ್ಷದ ಕೈ ಮಾತ್ರ
ಬಿಚ್ಚಿದ ಎತ್ತು ಹಳೇ ಗದ್ದೆಗೆ ನಡೆದಂತೆ
ಬಲಕ್ಕೇ ಹೋಗುತ್ತದೆ.
ಮೊದಲ ಬುಡ ಹಾಳಾಯಿತು. ಒಳ್ಳೇ ಬೀಟೆ.
ಅದೀಗ ಅಕ್ಕಮ್ಮನ ನೂಪುಟ್ಟು ಒರಳಿಗೆ ಹಿಡಿ.
ಎರಡನೆಯದು ಹೊನ್ನೆ;
ಅವಳ ಮೊಣಕೈ ಮಡಿಕೆಯಿಂದ ಬೆರಳ ತುದಿಗೆ
ಓಟೆಕಡ್ಡಿ ಹಿಡಿದು ಮುರಿದದ್ದೇ ಅಳತೆ.
ಅಗಸೆ ಎಣ್ಣೆ ಕುಡಿಯುತ್ತಲೇ ಇದೆ,
ಸಂಜೆ ಕುಡುಕನಂತೆ, ಸಾಕು ಅನ್ನದೆ.

ನಳಿಗೆಗೆ ಬಣ್ಣ ಅಂದರೆ ಬಣ್ಣವಲ್ಲ, ತುಕ್ಕು.
ಉಪ್ಪು ಕರಗಿಸಿದ ಕಾಚಂಪುಳಿ ಸವರಿ ನೇತುಹಾಕಿದರೆ
ಬೆಳಗಾಗುವಾಗ ಕಿತ್ತಳೆ ರೋಮ.
ಉಜ್ಜು. ಮತ್ತೆ ಸವರು. ಒಂಬತ್ತು ರಾತ್ರಿ.
ಹಂದಿಕರಿಗೆ ಬೀಳುವ ಅದೇ ಹುಳಿ,
ಮಾಂಸವೋ ಕಬ್ಬಿಣವೋ ಅದಕ್ಕೆ ಭೇದವಿಲ್ಲ.
ಈ ತಿಂಗಳ ಗಾಳಿಯಲ್ಲಿ ತುಕ್ಕು ಹಿಡಿಸಲು ಐರಿ ಬೇಕಿಲ್ಲ,
ನಿಲ್ಲಿಸಲು ಬೇಕು.
"ನೆಕ್ಕಲು ಬಿಡು, ತಿನ್ನಲು ಬಿಡಬೇಡ" ಅನ್ನುತ್ತಿದ್ದ ಮಾವ.
ಹತ್ತನೆಯ ಬೆಳಿಗ್ಗೆ ಸೋಡಾ ಹಾಕಿದ ಕುದಿನೀರು ಹುಯ್ದೆ.
ನಿಂತಿತು,
ಕಣದಲ್ಲಿ ಒಣಗಿದ ಕಾಫಿಹಣ್ಣಿನ ಬಣ್ಣದಲ್ಲಿ.

ಪುಸ್ತಕದಲ್ಲಿ ಬರೆದುಕೊಂಡದ್ದು 'ಹಕ್ಕಿ ಕೋವಿ'.
ಉದ್ದ ನಳಿಗೆ, ಒಳಗೆ ಸುಳಿಗೆರೆ ಇಲ್ಲ,
ಚರೆ ಹರಡಿ ಹಾರಬೇಕು.
ಹಕ್ಕಿ ಹೊಡೆಯುವ ಹಾಗಿಲ್ಲ ಈಗ, ಅವಳಿಗೆ ಮನಸ್ಸೂ ಇಲ್ಲ;
ರೆಕ್ಕೆ ಮುರಿದ ಮಂಗಟ್ಟೆಗೆ ಬಿದಿರುಸೀಳು ಕಟ್ಟಿ
ತಿಂಗಳು ಸಾಕಿ ಬಿಟ್ಟವಳು.
ಕೈಲ್‌ಪೊಳ್ದಿನ ತೆಂಗಿನಕಾಯಿಗೊಂದು,
ಪುತ್ತರಿಯ ಕದಿರಿಗೊಂದು,
ಮಗು ಹುಟ್ಟಿದರೆ ಒಂದು ("ಹೆಣ್ಣಾದರೂ" ಅಂದಳು),
ಯಾರಾದರೂ ಹೋದರೆ ಎರಡು.
ಇಷ್ಟೇ ಇದರ ಬೇಟೆ.
ಆದರೂ ನಾನು ನಳಿಗೆಯ ಒಳಗನ್ನು
ಕಾಡುಕೋಳಿಗೆಂದೇ ತಿಕ್ಕಿದೆ.
ಸುಳ್ಳು ಹೇಳಿಕೊಳ್ಳದೆ ಕೆಲವು ನುಣುಪು ಬರುವುದಿಲ್ಲ.

ಮಧ್ಯಾಹ್ನ ಅವಳೇ ಬಂದಳು, ಕೈಯಲ್ಲಿ ಸೂಜಿಯ ಡಬ್ಬಿ,
ಗಂಬೂಟಿಗೆ ಸಗಣಿ.
ಚಕಮಕಿ ಕಲ್ಲಿಗೆ ತೊಗಲು ಸುತ್ತಿ ಕಚ್ಚಿಸಿದೆ.
ಮೊದಲ ಮದ್ದು ಮಾಡಿದವನೇ ಸುಡಬೇಕು, ನಮ್ಮ ರೂಢಿ.
ಬಲಹೆಗಲಿಗೇ ಇಟ್ಟೆ, ಮತ್ತೆಲ್ಲಿಗೆ.
ಒಂದು ಸಲ ಬರೀ ಕಿಡಿ.
ಇನ್ನೊಂದು ಸಲ ಬಟ್ಟಲಷ್ಟೇ ಹೊತ್ತಿ ಭುಸ್ಸೆಂದು
ನನ್ನ ಹುಬ್ಬು ಚುರ್ರೆಂದಿತು.
ಸುಟ್ಟ ಕೂದಲ ವಾಸನೆಗೆ ಬೆಕ್ಕು ಓಡಿತು.
ಚೋಂದಮ್ಮ ನಗಲಿಲ್ಲ.
"ಈಗ ಗೊತ್ತಾಯಿತಾ" ಅಂದಳು, ಕೈ ಚಾಚಿದಳು.

ಕಿವಿಗೆ ತಂತಿ ತೂರಿಸಿ, ಮದ್ದು ತುಂಬಿ, ಕೊಟ್ಟೆ.
ಬೇಲಿಯಾಚೆ ಮಾವಿನ ಕೊಂಬೆಗೆ ಕಟ್ಟಿದ ಕಾಯಿ.

ಸದ್ದು ಗುಡ್ಡಕ್ಕೆ ಹೋಗಿ ಬರುವಷ್ಟು ಹೊತ್ತು
ಹೊಗೆಯೊಳಗೆ ಅವಳು ಅಲ್ಲಾಡಲಿಲ್ಲ.
"ಕಂಡಿತು" ಅಂದಳು.
ಏನು?
"ಒಡೆಯುವುದು. ಮೊದಲು ನೀರು ಬರುತ್ತದೆ,
ಆಮೇಲೆ ಚಿಪ್ಪು."

ಅಷ್ಟರಲ್ಲಿ ನನಗೆ ಕಂಡದ್ದು ಬೇರೆ:
ಬುಡದ ಅಂಚಿನಲ್ಲಿ ಉಗುರಗಲ
ಎಣ್ಣೆ ಹಿಡಿಯದ ಬಿಳಿಚು.
ಇಲ್ಲಿ ಕೊಡು, ನಾಳೆ ಮುಗಿಸುತ್ತೇನೆ ಅಂದೆ.

ಅವಳು ಕೊಡಲಿಲ್ಲ.